ನೈನ್-ಪ್ಯಾಚ್ ಕ್ವಿಲ್ಟ್‌ಗೆ ರೂಲರ್ ಹೊಲಿಗೆಯಾ, ಫ್ರೀ-ಮೋಷನ್ನಾ? ಡಿಸೈನ್ ಆರಿಸೋದು ಹೇಗೆ?

ತುಂಗೆದಡ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ಕ್ವಿಲ್ಟಿನ (ಬಟ್ಟೆ ತುಂಡು ಜೋಡಿಸಿ, ಮೂರು ಪದರ ಹೊಲಿದು ಮಾಡೋ ಹೊದಿಕೆ) ಮೇಲ್ಪದರ ಜೋಡಿಸಿ ಆಗಿದೆ. ಮೂರೂ ಪದರ ಸೇರಿಸಿ ಹೊಲಿಯೋ ಮುಂಚೆ ಡಿಸೈನ್ ತೀರ್ಮಾನ ಆಗ್ಬೇಕು. ವಿವರ ಕೊಡ್ತೀನಿ, ನೋಡಿ ಹೇಳಿ.

6 ಇಂಚಿನ ಬ್ಲಾಕುಗಳು, ಅಡ್ಡಕ್ಕೆ 9, ಉದ್ದಕ್ಕೆ 13. ಒಂದು ಬಿಟ್ಟು ಒಂದು ನೈನ್-ಪ್ಯಾಚ್ (2 ಇಂಚಿನ ಒಂಬತ್ತು ಚೌಕ), ಮಧ್ಯದವು ಕೆನೆ ಬಣ್ಣದ ಖಾಲಿ ಬ್ಲಾಕು. ನಾಲ್ಕೂ ಮೂಲೆಗೆ ನೈನ್-ಪ್ಯಾಚೇ ಬಂದಿದೆ. ಸುತ್ತ 5 ಇಂಚಿನ ಇಟ್ಟಿಗೆ ಕೆಂಪಿನ ಅಂಚು. ಒಟ್ಟು 64 × 88 ಇಂಚು. ಒಳಗೆ ತೆಳು ಕಾಟನ್ ಬ್ಯಾಟಿಂಗ್ (ನಡುವಿನ ಹತ್ತಿಯ ಪದರ). ಮನೆಬಳಕೆಯ ಕರೆಂಟ್ ಮೆಷಿನ್, ಲೋ ಶ್ಯಾಂಕ್ (ಫುಟ್ ಸಿಕ್ಕಿಸೋ ಕಡ್ಡಿ ಗಿಡ್ಡ ಇರೋದು), ಸೂಜಿಯಿಂದ ಕಂಬದವರೆಗೆ ಆರೂವರೆ ಇಂಚು ಜಾಗ. ಫ್ರೀ-ಮೋಷನ್ (ಬಟ್ಟೆಯನ್ನು ಕೈಯಲ್ಲೇ ಬೇಕಾದ ಕಡೆ ಸರಿಸುತ್ತಾ ಹೊಲಿಯೋದು) ಫುಟ್ ಇದೆ, ರೂಲರ್ ಫುಟ್ ತರಿಸಿದ್ದಾಗಿದೆ, ಅದನ್ನು ಒರಗಿಸಿ ಹೊಲಿಯೋ ಅಕ್ರಿಲಿಕ್ ರೂಲರ್ ಇನ್ನೂ ತಗೊಂಡಿಲ್ಲ.

ಕೇಳ್ಬೇಕಾಗಿರೋದು ಇಷ್ಟು. ಇಡೀ ಕ್ವಿಲ್ಟಿಗೆ ಹಾವು ಹರಿದಂಗೆ ಮಿಯಾಂಡರ್ ಹಾಕಿ ಮುಗಿಸೋದಾ, ಇಲ್ಲಾ ಬ್ಲಾಕಿಗೆ ಒಂದೊಂದು ಡಿಸೈನಾ? ದಾರ ಕಡಿಯದೆ ಎಷ್ಟು ದೂರ ಹೋಗಬಹುದು? ಲೋ ಶ್ಯಾಂಕಿಗೆ ಯಾವ ದಪ್ಪದ ರೂಲರ್? ಇನ್ನೊಂದು, ಮಾದರಿ ತುಂಡಿನ ಮೇಲೆ ಫ್ರೀ-ಮೋಷನ್ ಹಾಕಿದ್ರೆ ತಿರುವು ಬಂದಲ್ಲೆಲ್ಲ ಹಿಂಬದಿಯಲ್ಲಿ ದಾರದ ಸಣ್ಣ ಸಣ್ಣ ಕುಣಿಕೆ ಬರ್ತಿದೆ. ಮೇಲಿಂದ ನೋಡಿದ್ರೆ ಹೊಲಿಗೆ ಚೆನ್ನಾಗೇ ಇದೆ.

ಎಣ್ಣೆಡಬ್ಬಿ, ಸಾಗರ:

ಕುಣಿಕೆ ವಿಷಯ ಮೊದಲು ಮುಗಿಸಿಬಿಡೋಣ. ಅದು ಸರಿ ಆಗದೆ ಡಿಸೈನ್ ಮಾತಾಡಿ ಪ್ರಯೋಜನ ಇಲ್ಲ.

ತಿರುವಿನಲ್ಲಿ ಮಾತ್ರ ಬರ್ತಿದೆ ಅಂದ್ರೆ ಟೆನ್ಷನ್ ಒಂದೇ ಕಾರಣ ಅಲ್ಲ, ಕೈ. ನೇರ ಹೋಗುವಾಗ ಕೈ ನಿಧಾನ, ತಿರುವಲ್ಲಿ ಗೊತ್ತಿಲ್ಲದೆ ಜೋರಾಗುತ್ತೆ. ಮೆಷಿನ್ ಅದೇ ವೇಗದಲ್ಲಿದ್ದು ಬಟ್ಟೆ ಮಾತ್ರ ಜೋರಾಗಿ ಸರಿದ್ರೆ ಮೇಲಿನ ದಾರ ಒಳಕ್ಕೆ ಎಳೆದುಕೊಳ್ಳೋಕೆ ಸಮಯ ಸಿಗಲ್ಲ, ಕೆಳಗೆ ಕುಣಿಕೆಯಾಗಿ ಉಳಿಯುತ್ತೆ. ಪೆಡಲ್ ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ ಅಲ್ಲೇ ಹಿಡೀರಿ, ಕೈ ನಿಧಾನ ಮಾಡಿ. ಇಂಚಿಗೆ 8ರಿಂದ 10 ಹೊಲಿಗೆ ಬರಬೇಕು, ಅಂದ್ರೆ ಒಂದೊಂದು ಹೊಲಿಗೆ ಎರಡೂವರೆ–ಮೂರು ಮಿ.ಮೀ. ತಿರುವಲ್ಲಿ ಅಳೆದು ನೋಡಿ, 4 ಮಿ.ಮೀ. ಮೇಲಿದ್ರೆ ಕೈಯದ್ದೇ ತಪ್ಪು.

ಅದಾದ ಮೇಲೂ ಬಂದ್ರೆ ಮೇಲಿನ ಟೆನ್ಷನ್ ಅರ್ಧರ್ಧ ನಂಬರ್ ಏರಿಸುತ್ತಾ ನೋಡಿ. ಹಿಂಬದಿಯಲ್ಲಿ ಬಾಬಿನ್ ದಾರ ನೇರ ತಂತಿಯ ಹಾಗೆ ಮಲಗಿ, ಮೇಲಿನ ದಾರ ಅದರ ಸುತ್ತ ಕಾಣಿಸಿದ್ರೆ ಮೇಲಿನದು ಸಡಿಲ. ಮುಂಬದಿಯಲ್ಲಿ ಮೇಲಿನ ದಾರ ನೇರ ಮಲಗಿ ಕೆಳಗಿನ ಬಣ್ಣ ಚುಕ್ಕಿ ಚುಕ್ಕಿ ಇಣುಕಿದ್ರೆ ಮೇಲಿನದು ಬಿಗಿ. ಬಾಬಿನ್ ಕೇಸಿನ ಸ್ಕ್ರೂ ಮುಟ್ಟೋದು ಕಟ್ಟಕಡೆಗೆ, ಅದೂ ಕಾಲು ಸುತ್ತಿಗಿಂತ ಕಡಿಮೆ. ದಾರ ಏರಿಸುವಾಗ ಫುಟ್ ಮೇಲೆತ್ತಿರಬೇಕು. ಇಳಿಸಿಟ್ಟು ಏರಿಸಿದ್ರೆ ದಾರ ಟೆನ್ಷನ್ ಬಿಲ್ಲೆಗಳ ಮಧ್ಯೆ ಕೂರಲ್ಲ, ಆಮೇಲೆ ನಂಬರ್ ಎಷ್ಟು ತಿರುಗಿಸಿದ್ರೂ ಒಂದೇ. ರಿಪೇರಿಗೆ ಬರೋ "ಟೆನ್ಷನ್ ಹೋಗಿದೆ" ಮೆಷಿನುಗಳಲ್ಲಿ ಇದರದ್ದೇ ದೊಡ್ಡ ಪಾಲು.

ಸೂಜಿ: ಟೈಲರ್ ಅಂಗಡಿಯ 16 ನಂಬರ್ ಬೇಡ, ತೂತು ದೊಡ್ಡದು. 14 ನಂಬರ್ (90) ಟಾಪ್‌ಸ್ಟಿಚ್ ಅಥವಾ ಕ್ವಿಲ್ಟಿಂಗ್ ಸೂಜಿ ಹಾಕಿ. ಬ್ಯಾಟಿಂಗ್ ಹತ್ತಿ ಮೊನೆ ಬೇಗ ಸವೆಸುತ್ತೆ. ಹೊಲಿಯುವಾಗ ಟಪ್ ಟಪ್ ಅನ್ನೋ ಸದ್ದು ಶುರುವಾದ್ರೆ ಸೂಜಿ ಬದಲಾಯಿಸಿ, ಮುರಿಯೋ ತನಕ ಕಾಯ್ಬೇಡಿ. ದಾರ 50 ನಂಬರ್ ಕಾಟನ್ ಅಥವಾ ಟಿಕೆಟ್ 120 ಪಾಲಿಯೆಸ್ಟರ್, ಮೇಲೂ ಕೆಳಗೂ ಒಂದೇ.

ಹಿಂಬದಿಗೆ ಏನು ಹಾಕ್ತಿದ್ದೀರಿ ಅಂತ ಬರೆದಿಲ್ಲ. ನುಣುಪಾದ, ಒತ್ತು ನೇಯ್ಗೆಯ ಬೆಡ್‌ಶೀಟ್ ಬೇಡ ಮಾರಾಯ್ರೆ. ಸೂಜಿ ಅದರೊಳಗೆ ಇಳಿಯುವಾಗ ಬಟ್ಟೆ ಜೊತೆಗೇ ಮೇಲೆ ಕೆಳಗೆ ಕುಣಿಯುತ್ತೆ, ಹೊಲಿಗೆ ತಪ್ಪುತ್ತೆ. ಕೇಂಬ್ರಿಕ್ ಅಥವಾ ಪಾಪ್ಲಿನ್ ತಗೊಳ್ಳಿ. ನಿಮ್ಮ ಅಳತೆಗೆ ಹಿಂಬದಿ ಬಟ್ಟೆ, ಬ್ಯಾಟಿಂಗ್ ಎರಡೂ 72 × 96 ಬೇಕು, ಸುತ್ತ ನಾಲ್ಕು ನಾಲ್ಕು ಇಂಚು ಹೆಚ್ಚಿಗೆ.

ಕಮಾನುಗೆರೆ, ಶಿವಮೊಗ್ಗ:

ಡಿಸೈನ್ ಬಗ್ಗೆ ನಾನು ಬರೀತೀನಿ. ಚಂದ ನೋಡಿ ಆರಿಸೋದು ಕೊನೆಯ ಮಾತು. ಮೊದಲು ಎರಡು ನೋಡಬೇಕು: ಒತ್ತು ಎಲ್ಲಾ ಕಡೆ ಸಮ ಬರುತ್ತಾ, ಒಂದು ಗೆರೆ ಮುಗಿದಲ್ಲಿಂದ ಮುಂದಿನ ಗೆರೆಗೆ ದಾರಿ ಇದೆಯಾ.

ಒತ್ತು ಅಂದ್ರೆ ಹೊಲಿಗೆ ಗೆರೆಗಳ ನಡುವಿನ ಅಂತರ. ಒತ್ತಾಗಿ ಹೊಲಿದ ಜಾಗ ಕುಗ್ಗುತ್ತೆ, ಬಿಡಿಯಾಗಿ ಹೊಲಿದ ಜಾಗ ಹಾಗೇ ಉಬ್ಬಿರುತ್ತೆ. ಖಾಲಿ ಬ್ಲಾಕಿಗೆ ಕಾಲಿಂಚಿನ ಪೆಬಲ್ (ಬೆಣಚುಕಲ್ಲಿನಂಥ ಪುಟ್ಟ ಸುತ್ತು) ತುಂಬಿ, ನೈನ್-ಪ್ಯಾಚಿಗೆ ನಾಲ್ಕು ಗೆರೆ ಎಳೆದು ಬಿಟ್ಟರೆ ಕ್ವಿಲ್ಟ್ ಹಾಸಿದಾಗ ಹೆಂಚಿನ ಮಾಡಿನ ಹಾಗೆ ಏರುಪೇರು. ಅಂಚನ್ನು ಮಾತ್ರ ಬಿಡಿಯಾಗಿ ಹೊಲಿದ್ರೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತೆ. ಅದನ್ನು ಪೈಪಿಂಗ್ ಹಾಕಿ ಎಳೆದರೂ ಕೂರಲ್ಲ. ಬ್ಯಾಟಿಂಗಿನ ಕವರಿನ ಮೇಲೆ "ಗರಿಷ್ಠ ಇಷ್ಟು ಇಂಚು ಅಂತರ" ಅಂತ ಬರೆದಿರುತ್ತೆ, ಅದು ಮೇಲಿನ ಮಿತಿ ಅಷ್ಟೆ. ನಿಮ್ಮ ಬ್ಲಾಕಿಗೆ ಒಂದರಿಂದ ಒಂದೂವರೆ ಇಂಚು ಸರಿ.

ಇಡೀ ಕ್ವಿಲ್ಟಿಗೆ ಮಿಯಾಂಡರ್ ಹಾಕಬಹುದು, ತಪ್ಪೇನಿಲ್ಲ. ತುಂಬಾ ಬಣ್ಣದ, ಚೂರು ಚೂರು ಬಟ್ಟೆಯ ಕ್ವಿಲ್ಟಿಗೆ ಅದೇ ಚೆನ್ನ. ಆದ್ರೆ ನಿಮ್ಮದರಲ್ಲಿ ಅರ್ಧ ಕೆನೆ ಬಣ್ಣದ ಖಾಲಿ ಬ್ಲಾಕು. ಅಲ್ಲಿ ಪ್ರತಿ ಗೆರೆ ಎದ್ದು ಕಾಣುತ್ತೆ. ಅಷ್ಟು ಅಚ್ಚುಕಟ್ಟಾದ ಚೌಕಗಳ ಮೇಲೆ ಹಾವು ಹರಿಸೋದು ನನಗಂತೂ ಇಷ್ಟ ಆಗಲ್ಲ.

ಮೊದಲು ಡಿಚ್. ಬ್ಲಾಕಿಗೂ ಬ್ಲಾಕಿಗೂ ಜೋಡು ಸೇರಿದ ಸಂದಿನಲ್ಲೇ ನೇರ ಗೆರೆ: ಉದ್ದಕ್ಕೆ 8, ಅಡ್ಡಕ್ಕೆ 12, ಆಮೇಲೆ ಅಂಚು ಸೇರೋ ನಾಲ್ಕು ಬದಿ. ಎಲ್ಲಾ ಸೇರಿ ಹತ್ತಿರ ಹತ್ತಿರ 39 ಮೀಟರ್. ನಡುವಿನ ಗೆರೆಯಿಂದ ಶುರುಮಾಡಿ ಹೊರಕ್ಕೆ. ಜೋಡಿನ ಎರಡು ಬದಿಯಲ್ಲಿ ಒಂದು ದಪ್ಪ ಇರುತ್ತೆ (ಇಸ್ತ್ರಿ ಮಾಡಿ ಹೊಲಿಗೆ ಅಂಚು ಮಡಚಿದ ಕಡೆ), ಒಂದು ತೆಳು. ಹೊಲಿಗೆ ಯಾವತ್ತೂ ತೆಳು ಬದಿಯಲ್ಲಿ, ಜೋಡಿಗೆ ಒರಗಿಕೊಂಡು. ರೂಲರ್ ಫುಟ್ ಇದ್ದರೆ ಇದು ತುಂಬಾ ಸಲೀಸು. ಇದು ಮುಗಿದ ಮೇಲೆ ಕ್ವಿಲ್ಟ್ 6 ಇಂಚಿನ ಚೌಕಗಳಾಗಿ ಕೂತಿರುತ್ತೆ, ಆಮೇಲೆ ಎಲ್ಲಿಂದ ಬೇಕಾದ್ರೂ ಹೊಲಿಯಬಹುದು, ಪದರ ಜರುಗಲ್ಲ.

ನೈನ್-ಪ್ಯಾಚಿಗೆ ಕಂಟಿನ್ಯೂಯಸ್ ಕರ್ವ್ ಹಾಕಿ. ಪ್ರತಿ 2 ಇಂಚಿನ ಚೌಕದ ನಾಲ್ಕೂ ಬದಿಗೆ ಒಂದೊಂದು ಕಮಾನು, ಮೂಲೆಯಿಂದ ಮೂಲೆಗೆ, ಮಧ್ಯದಲ್ಲಿ ಜೋಡಿನಿಂದ ಕಾಲು ಇಂಚು ಒಳಗೆ. ಒಂದು ಬ್ಲಾಕಿಗೆ 36 ಕಮಾನು. ದಾರಿ ಹೀಗೆ:

ಎಡ ಮೇಲ್ಮೂಲೆಯಲ್ಲಿ ಶುರು. ಮೇಲಿನ ಬದಿಯ ಮೊದಲ ಕಮಾನು ಹೊಲಿದ್ರೆ ಒಳಗಿನ ಮೊದಲ ಉದ್ದ ಜೋಡಿನ ತಲೆಗೆ ಬರ್ತೀರಿ. ಆ ಜೋಡಿನ ಮೇಲೆ ಎಡ, ಬಲ, ಎಡ ಅಂತ ಮೂರು ಕಮಾನಲ್ಲಿ ಕೆಳಗಿಳಿದು, ಬಿಟ್ಟ ಬದಿಗಳನ್ನು ತುಂಬುತ್ತಾ ಮೂರರಲ್ಲಿ ವಾಪಸ್ ಮೇಲಕ್ಕೆ. ಮತ್ತೆ ಮೇಲಿನ ಬದಿಯ ಎರಡನೇ ಕಮಾನು, ಎರಡನೇ ಉದ್ದ ಜೋಡಿನಲ್ಲಿ ಹಾಗೇ ಇಳಿದು ಹತ್ತಿ, ಮೂರನೇ ಕಮಾನಿಗೆ ಬಲ ಮೇಲ್ಮೂಲೆ. ಈಗ ಬಲ ಬದಿಯಲ್ಲಿ ಇಳಿಯುತ್ತಾ ಎರಡು ಅಡ್ಡ ಜೋಡುಗಳನ್ನು ಇದೇ ಥರ ಹೋಗಿ ಬಂದು ಮುಗಿಸಿದ್ರೆ ಬಲ ಕೆಳಮೂಲೆಗೆ ಬಂದಿರ್ತೀರಿ. ಉಳಿದಿದ್ದು ಕೆಳಬದಿಯ ಮೂರು, ಎಡಬದಿಯ ಮೂರು. ಅವನ್ನು ಈಗಲೇ ಹೊಲಿಯಬೇಡಿ.

ಯಾಕಂದ್ರೆ ನಿಮ್ಮ ನೈನ್-ಪ್ಯಾಚುಗಳು ಮೂಲೆಗೆ ಮೂಲೆ ತಾಗಿ ಓರೆಯಾಗಿ ಸಾಲು ಹಿಡಿದಿವೆ. ಬಲ ಕೆಳಮೂಲೆ ಅಂದ್ರೆ ಮುಂದಿನ ನೈನ್-ಪ್ಯಾಚಿನ ಎಡ ಮೇಲ್ಮೂಲೆ. ದಾರ ಕಡಿಯದೆ ಸೀದಾ ಅದಕ್ಕೆ ಹೋಗಿ. ಓರೆ ಸಾಲಿನ ಕೊನೆ ತಲುಪಿದ ಮೇಲೆ, ವಾಪಸ್ ಬರುವಾಗ ಪ್ರತಿ ಬ್ಲಾಕಿನ ಕೆಳಬದಿ, ಎಡಬದಿ ಹೊಲಿಯುತ್ತಾ ಬನ್ನಿ. ಶುರು ಮಾಡಿದ ಮೂಲೆಗೇ ಬಂದು ನಿಲ್ತೀರಿ. ಅತಿ ಉದ್ದದ ಓರೆ ಸಾಲಲ್ಲಿ 9 ಬ್ಲಾಕ್ ಇದೆ, ಅಷ್ಟಕ್ಕೂ ಒಂದು ಶುರು, ಒಂದು ಕೊನೆ. ಬಾಬಿನ್ ಮುಗಿದ್ರೆ ಮಾತ್ರ ಮಧ್ಯೆ ನಿಲ್ಲೋದು.

2 ಇಂಚಿನ ಕಮಾನಿಗೆ ರೂಲರ್ ಬೇಕಾಗಲ್ಲ, ಫ್ರೀ-ಮೋಷನ್ನಲ್ಲೇ ಬರುತ್ತೆ. ಚೌಕದ ಪ್ರತಿ ಬದಿಯ ಮಧ್ಯಕ್ಕೆ ಒಂದು ಚುಕ್ಕಿ ಇಟ್ಟುಕೊಳ್ಳಿ. ಕಣ್ಣು ಸೂಜಿಯ ಮೇಲೆ ಇರಬಾರದು, ಮುಂದಿನ ಚುಕ್ಕಿ ಮೇಲಿರಬೇಕು.

ಖಾಲಿ ಬ್ಲಾಕಿಗೆ ರೂಲರ್. ಮಧ್ಯಕ್ಕೆ 4 ಇಂಚಿನ ವೃತ್ತ, ಅದರೊಳಗೆ ನಾಲ್ಕೆಸಳಿನ ಹೂ. ಬದಿಯ ಮಧ್ಯದಿಂದ ವೃತ್ತಕ್ಕೆ ಸರಿಯಾಗಿ 1 ಇಂಚು ಉಳಿಯುತ್ತೆ. ಡಿಚ್ ಗೆರೆಯಿಂದ ಒಂದಿಂಚಿನ ತೊಟ್ಟು ಹೊಲಿದು ಒಳಗೆ ಹೋಗಿ, ಎಲ್ಲಾ ಮುಗಿಸಿ ಅದೇ ತೊಟ್ಟಿನ ಮೇಲೆ ಹೊರಗೆ ಬನ್ನಿ. ಮೂಲೆಗಳಲ್ಲಿ ಉಳಿಯೋ ಜಾಗ ದೊಡ್ಡದು ಅನ್ನಿಸಿದ್ರೆ ಮೂಲೆಗೊಂದು ಎಲೆ. ಗರಿ ಸುತ್ತಿನಂಥ ಫೆದರ್ ಡಿಸೈನ್ ಬೇಕಾದ್ರೂ ಹಾಕಬಹುದು, ಆದ್ರೆ 58 ಬ್ಲಾಕಿಗೆ ಹಾಕಬೇಕು ಅನ್ನೋದು ನೆನಪಿರಲಿ.

ತುಂಗೆದಡ:

ಅಕ್ಕಾ, ಓರೆ ದಾರಿ ಪೇಪರ್ ಮೇಲೆ ಪೆನ್ಸಿಲ್ಲಲ್ಲಿ ಎಳೆದು ನೋಡಿದೆ, ಪೆನ್ಸಿಲ್ ಎತ್ತದೆ ಬಂತು. ಎಣ್ಣೆಡಬ್ಬಿ ಅಣ್ಣ, ಕೈ ನಿಧಾನ ಮಾಡಿದ ಮೇಲೆ ಕುಣಿಕೆ ಹೋಯ್ತು, ಟೆನ್ಷನ್ ಅರ್ಧ ಏರಿಸಿದ್ದೇನೆ ಅಷ್ಟೆ.

ಈಗ ರೂಲರ್. 4 ಇಂಚಿನ ವೃತ್ತಕ್ಕೆ 4 ಇಂಚಿನ ಟೆಂಪ್ಲೇಟ್ (ಆಕಾರಕ್ಕೆ ಕತ್ತರಿಸಿದ ರೂಲರ್) ತಗೊಂಡ್ರೆ ಆಯ್ತಾ? ಆಮೇಲೆ, ರೂಲರ್ ಫುಟ್ ಬೇಡ, ಇರೋ ಫ್ರೀ-ಮೋಷನ್ ಫುಟ್ಟಲ್ಲೇ ನಡೆಯುತ್ತೆ ಅಂತ ಒಬ್ಬರು ಹೇಳಿದ್ರು. ಹೌದಾ?

ಎಣ್ಣೆಡಬ್ಬಿ, ಸಾಗರ:

ನಡೆಯಲ್ಲ. ಫ್ರೀ-ಮೋಷನ್ ಫುಟ್ಟಿನ ಕೆಳಗಿನ ಬಳೆ ತೆಳು, ಒಂದೆರಡು ಮಿ.ಮೀ. ಫುಟ್ ಕುಪ್ಪಳಿಸಿದಾಗ ರೂಲರ್ ಅದರ ಅಡಿಗೆ ನುಗ್ಗುತ್ತೆ, ಸೂಜಿ ಬಂದು ಅಕ್ರಿಲಿಕ್ಕಿಗೆ ಹೊಡೆಯುತ್ತೆ. ಸೂಜಿ ಚೂರು ಮುಖಕ್ಕೆ ಸಿಡಿಯಬಹುದು, ಹುಕ್ಕಿನ ಟೈಮಿಂಗ್ ಹೋಗಬಹುದು. ರೂಲರ್ ಫುಟ್ಟಿನ ಗೋಡೆ ಎತ್ತರ ಇರುತ್ತೆ, ಅದಕ್ಕೇ ಅದು ಬೇರೆ. ಕನ್ನಡಕ ಹಾಕದವರೂ ರೂಲರ್ ಹೊಲಿಗೆಗೆ ಒಂದು ಕನ್ನಡಕ ಹಾಕಿಕೊಂಡ್ರೆ ಒಳ್ಳೇದು.

ಲೋ ಶ್ಯಾಂಕಿಗೆ 3 ಮಿ.ಮೀ. ದಪ್ಪದ ರೂಲರ್. ಹೈ ಶ್ಯಾಂಕಿಗೆ ನಾಲ್ಕೂವರೆ, ಲಾಂಗ್‌ಆರ್ಮಿಗೆ (ಉದ್ದ ತೋಳಿನ ದೊಡ್ಡ ಕ್ವಿಲ್ಟ್ ಮೆಷಿನ್) 6. ಆನ್‌ಲೈನಲ್ಲಿ ಹೆಚ್ಚಾಗಿ ಕಾಣೋದು 6 ಮಿ.ಮೀ.ದು. ಅದು ನಿಮ್ಮ ಮೆಷಿನಲ್ಲಿ ಫುಟ್ ಎತ್ತಿದಾಗಲೂ ಶ್ಯಾಂಕಿನ ಸ್ಕ್ರೂಗೆ, ಸೂಜಿ ಬಿಗಿಯೋ ಸ್ಕ್ರೂಗೆ ತಾಗಬಹುದು. ತಗೊಂಡ ಮೇಲೆ ಮೂರು ಪದರದ ತುಂಡಿನ ಮೇಲೆ ಫುಟ್ ಇಳಿಸಿ, ರೂಲರ್ ಪಕ್ಕಕ್ಕಿಟ್ಟು, ಕೈಚಕ್ರ ಮಾತ್ರ ತಿರುಗಿಸಿ ಸೂಜಿ ಪೂರ್ತಿ ಮೇಲೆ ಕೆಳಗೆ ಹೋಗೋದು ನೋಡಿ. ಕೆಲವು ಫುಟ್ ಸೂಜಿ ಜೊತೆ ಏರುತ್ತೆ, ಏರಿದಾಗಲೂ ಗೋಡೆಯ ಕೆಳಗಿನ ಅಂಚು ರೂಲರಿನ ಮೇಲ್ಮೈಗಿಂತ ಕೆಳಗೇ ಇರಬೇಕು. ಫುಟ್ಟಿನ ಎತ್ತರ ಹೊಂದಿಸೋ ಸ್ಕ್ರೂ ಇದ್ದರೆ, ಬಟ್ಟೆ ಸಲೀಸಾಗಿ ಸರೀಬೇಕು, ಆದ್ರೆ ಫುಟ್ಟಿನಡಿ ಗಾಳಿ ಆಡಬಾರದು. ಎತ್ತರ ಹೆಚ್ಚಾದ್ರೆ ಹೊಲಿಗೆ ತಪ್ಪುತ್ತೆ, ಕಡಿಮೆಯಾದ್ರೆ ಜೋಡು ಬಂದಲ್ಲಿ ಎಡವುತ್ತೆ.

ಫುಟ್ ಇಳಿಸದೆ ಪೆಡಲ್ ಒತ್ತಬಾರದು. ಬಟ್ಟೆ ದಪ್ಪ ಇರೋದ್ರಿಂದ ಎತ್ತಿದ ಫುಟ್ಟೂ ಇಳಿಸಿದ ಹಾಗೇ ಕಾಣುತ್ತೆ, ಮೋಸ ಹೋಗೋದು ಸುಲಭ.

ಫೀಡ್ ಡಾಗ್ (ಸೂಜಿಯಡಿ ಬಟ್ಟೆ ಎಳೆಯೋ ಹಲ್ಲು) ಇಳಿಸಬೇಕಾ ಅಂತ ಕೇಳ್ತಾರೆ. ಇಳಿಸೋ ಗುಂಡಿ ಇದ್ದರೆ ಇಳಿಸಿ. ಇಲ್ಲದ ಕರಿ ಮೆಷಿನ್‌ಗಳಲ್ಲಿ ಮುಚ್ಚೋ ಪ್ಲೇಟ್ ಹಾಕಬಹುದು, ಅದೂ ಇಲ್ಲದಿದ್ರೆ ಹೊಲಿಗೆ ಉದ್ದ ಸೊನ್ನೆಗೆ ಇಟ್ರೆ ಹಲ್ಲು ಮುಂದಕ್ಕೆ ಎಳೆಯಲ್ಲ. ಕೆಲವರು ಬೇಕಂತಲೇ ಇಳಿಸದೆ ಸೊನ್ನೆಗಿಟ್ಟು ಹೊಲೀತಾರೆ, ಹೊಲಿಗೆ ಚೆನ್ನಾಗಿ ಕೂರುತ್ತೆ ಅಂತ. ಎರಡನ್ನೂ ಮಾದರಿ ತುಂಡಲ್ಲಿ ನೋಡಿ, ನಿಮ್ಮ ಮೆಷಿನ್ನಿಗೆ ಯಾವುದು ಒಪ್ಪುತ್ತೋ ಅದು.

ಕಮಾನುಗೆರೆ, ಶಿವಮೊಗ್ಗ:

4 ಇಂಚಿನ ವೃತ್ತಕ್ಕೆ 4 ಇಂಚಿನ ಟೆಂಪ್ಲೇಟ್ ಅಲ್ಲ. ರೂಲರ್ ಫುಟ್ಟಿನ ಹೊರ ಅಳತೆ ಅರ್ಧ ಇಂಚು, ಅದರ ನಟ್ಟನಡುವೆ ಸೂಜಿ. ಹಾಗಾಗಿ ಹೊಲಿಗೆ ಯಾವಾಗಲೂ ರೂಲರಿನ ಅಂಚಿನಿಂದ ಕಾಲು ಇಂಚು ಆಚೆ ಬೀಳುತ್ತೆ. ವೃತ್ತದ ಬಿಲ್ಲೆಯ ಹೊರಗೆ ಸುತ್ತಿದ್ರೆ ಬಿಲ್ಲೆ ಮೂರೂವರೆ ಇಂಚಿನದು ಬೇಕು. ತೂತಿನ ಒಳಗೆ ಸುತ್ತೋದಾದ್ರೆ ತೂತು ನಾಲ್ಕೂವರೆ ಇಂಚು. ತೂತಿನದೇ ವಾಸಿ, ಫುಟ್ ಎಲ್ಲೂ ಆಚೆ ಹೋಗಲ್ಲ, ಕೈಯನ್ನು ಮಧ್ಯದಲ್ಲಿ ಕಡಿಮೆ ಸಲ ಬದಲಿಸಬೇಕಾಗುತ್ತೆ.

ನಿಮ್ಮ ಫುಟ್ ನಿಜವಾಗಿ ಅರ್ಧ ಇಂಚೇ ಇದೆಯಾ ಅಂತ ನೋಡಿಕೊಳ್ಳಿ. ಸರಿಯಾಗಿ 12.7 ಮಿ.ಮೀ. ಇರಬೇಕು, ಕೆಲವು 12 ಇರುತ್ತೆ. ರೂಲರ್ ಇಟ್ಟು ಒಂದು ಗೆರೆ ಹೊಲಿದು, ರೂಲರ್ ಅಲ್ಲಾಡಿಸದೆ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಎರಡರ ನಡುವೆ ಅಳೆಯಿರಿ. 6.35 ಮಿ.ಮೀ. ಬರಬೇಕು. ಕಡಿಮೆ ಬಂದ್ರೆ ಟೆಂಪ್ಲೇಟಿನ ಲೆಕ್ಕವೂ ಅಷ್ಟಕ್ಕೇ ಬದಲಾಗುತ್ತೆ.

ಅಂಚಿಗೆ ತೋರಣದ ಥರ ಕಮಾನು ಸಾಲು ಹಾಕೋದಾದ್ರೆ ನಿಮ್ಮ ಅಳತೆ ತುಂಬಾ ಅನುಕೂಲ. ಒಳ ಅಳತೆ 54 × 78, ಎರಡನ್ನೂ 6 ಭಾಗಿಸುತ್ತೆ. ಗಿಡ್ಡ ಬದಿಗೆ 9 ತೋರಣ, ಉದ್ದದ ಬದಿಗೆ 13, ಮೂಲೆಯ 5 ಇಂಚಿನ ಚೌಕ ಬೇರೆ. ಪ್ರತಿ ತೋರಣ ಒಂದೊಂದು ಬ್ಲಾಕಿನ ನೇರಕ್ಕೆ ಬರುತ್ತೆ. ಯಾವ ಕಮಾನು ಬೇಕು ಅಂತ ಹೀಗೆ ತೆಗೀರಿ: ಅಗಲವನ್ನು ಅದರಿಂದಲೇ ಗುಣಿಸಿ, ಆಳದ ಎಂಟು ಪಟ್ಟಿನಿಂದ ಭಾಗಿಸಿ, ಬಂದಿದ್ದಕ್ಕೆ ಆಳದ ಅರ್ಧ ಕೂಡಿಸಿ. ಅಗಲ 6, ಆಳ ಒಂದೂವರೆ ಇಂಚು ಅಂದ್ರೆ 36 ÷ 12 = 3, ಅದಕ್ಕೆ ಮುಕ್ಕಾಲು ಸೇರಿ 3.75 ಇಂಚು ತ್ರಿಜ್ಯ. ಇದು ಹೊಲಿಗೆಯ ತ್ರಿಜ್ಯ. ಉಬ್ಬಿದ ಅಂಚಿನ ಟೆಂಪ್ಲೇಟ್ ಆದ್ರೆ ಕಾಲು ಕಳೆದು 3.5, ತಗ್ಗಿನ ಅಂಚಾದ್ರೆ ಕಾಲು ಕೂಡಿಸಿ 4.

ರೂಲರ್ ಹಿಡಿಯೋದು: ಎಡಗೈಯ ಮೂರು ಬೆರಳು ರೂಲರ್ ಮೇಲೆ, ಹೆಬ್ಬೆರಳು ಕಿರುಬೆರಳು ಬಟ್ಟೆ ಮೇಲೆ. ರೂಲರೂ ಬಟ್ಟೆಯೂ ಒಂದೇ ತುಂಡಿನ ಹಾಗೆ ಜೊತೆಗೆ ಸರೀಬೇಕು. ಫುಟ್ಟಿಗೆ ರೂಲರ್ ತಾಗಿದ್ರೆ ಸಾಕು, ಒತ್ತಬೇಡಿ. ಒತ್ತಿದ್ರೆ ಸೂಜಿ ಬಾಗುತ್ತೆ, ಗೆರೆಯೂ ಸೊಟ್ಟ. ಕೈ ಕೆಳಗಿರೋ ಮೂರ್ನಾಲ್ಕು ಇಂಚು ಮಾತ್ರ ಒಂದು ಸಲಕ್ಕೆ. ಆಮೇಲೆ ಸೂಜಿ ಕೆಳಗಿಳಿಸಿ ನಿಲ್ಲಿಸಿ, ಕೈ ಮುಂದಕ್ಕೆ ನಡೆಸಿ, ಮತ್ತೆ ಶುರು. 12 ಇಂಚಿನ ಉದ್ದ ರೂಲರ್ ತಗೊಳ್ಳೋ ಆಸೆ ಬರುತ್ತೆ, ಬೇಡ. ಕೈ ಒಂದು ತುದಿಯಲ್ಲಿದ್ರೆ ಇನ್ನೊಂದು ತುದಿ ಮೀನಿನ ಬಾಲದ ಹಾಗೆ ಆಡುತ್ತೆ. 6ರಿಂದ 8 ಇಂಚು ಸಾಕು. ಮೆಷಿನಿನ ಸುತ್ತ ಎಕ್ಸ್‌ಟೆನ್ಷನ್ ಟೇಬಲ್ ಇಲ್ಲದೆ ರೂಲರ್ ಕೆಲಸಕ್ಕೆ ಕೈ ಹಾಕಬೇಡಿ, ಬೆಡ್ಡಿನ ಅಂಚು ದಾಟಿದ ಕೂಡಲೇ ರೂಲರ್ ವಾಲುತ್ತೆ.

ಜಾರದಿರೋಕೆ ರೂಲರ್ ಅಡಿಗೆ 220 ನಂಬರ್ ಸ್ಯಾಂಡ್ ಪೇಪರಿನ ಸಣ್ಣ ಚೂರು ಅಂಟಿಸ್ತಾರೆ.

ಮಳೆಕೊಪ್ಪರಿಗೆ, ಕೊಪ್ಪ:

ಸ್ಯಾಂಡ್ ಪೇಪರ್ ಬೇಡ ಅಂತೀನಿ. ಕೆನೆ ಬಣ್ಣದ ಕೇಂಬ್ರಿಕ್ ಮೇಲೆ ಅಷ್ಟು ಸಲ ಎತ್ತಿ ಇಟ್ಟು ಮಾಡಿದ್ರೆ ನೂಲು ಎಬ್ಬಿಸುತ್ತೆ, ಜೋರಾಗಿ ಸರಿಸಿದ್ರೆ ಹಿಂದೆ ಹೊಲಿದ ದಾರವನ್ನೂ ಉಜ್ಜುತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಬಟ್ಟೆಯಂಥ ಸರ್ಜಿಕಲ್ ಟೇಪ್ ಸಣ್ಣ ಸಣ್ಣ ಚೂರು ಅಂಟಿಸಿ. ಹಿಡಿತ ಸಾಕಷ್ಟು ಬರುತ್ತೆ. ಕೊಳೆಯಾದ್ರೆ ಕಿತ್ತು ಬೇರೆ.

ಯಾರೂ ಹೇಳದ ಇನ್ನೊಂದು ವಿಷಯ ಸೇಫ್ಟಿ ಪಿನ್ನು. ಪದರ ಸೇರಿಸೋಕೆ ನಾಲ್ಕು ಇಂಚಿಗೊಂದು ಪಿನ್ ಹಾಕೋದು ರೂಢಿ. ರೂಲರ್ ಹೊಲಿಗೆಗೆ ಅದು ಕಿರಿಕಿರಿ, ಪಿನ್ನಿನ ಮೇಲೆ ಕೂತ ರೂಲರ್ ತೊನೆಯುತ್ತೆ, ಗೆರೆ ಸರಿ ಬರಲ್ಲ. ಅದಕ್ಕಿಂತ ದೊಡ್ಡದು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಿನ್ ಸಮೇತ ಕ್ವಿಲ್ಟ್ ಮಡಚಿಟ್ರೆ ಪಿನ್ ಚುಚ್ಚಿದಲ್ಲೆಲ್ಲ ತುಕ್ಕಿನ ಕಂದು ಚುಕ್ಕಿ. ಬಿಳಿ ಬಟ್ಟೆಯಾದ್ರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೆಗೀಬಹುದು, ಬಣ್ಣದ ಬಟ್ಟೆಗೆ ಬಣ್ಣವೂ ಹೋಗುತ್ತೆ. ಆ ಬಿಸಿಲಾದ್ರೂ ಮಳೆಗಾಲದಲ್ಲಿ ಎಲ್ಲಿ ಸಿಗಬೇಕು? ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ನಾಲ್ಕು ಇಂಚಿಗೊಂದು ಸಾಲು, ಅಡ್ಡ ಉದ್ದ ಎರಡೂ. ಕೌದಿ ಹೊಲಿಯೋ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಬ್ಲಾಕ್ ಗೆರೆಯ ಮೇಲೆ ಮಾತ್ರ ಹಾಕಬೇಡಿ, ಡಿಚ್ ಹೊಲಿಗೆ ಅದರ ಮೇಲೇ ಬಿದ್ರೆ ಆಮೇಲೆ ಕೀಳೋದು ಕಷ್ಟ.

ಗುರುತು ಹಾಕೋ ಪೆನ್ನೂ ಹಾಗೇ. ತಾನಾಗೇ ಮಾಯ ಆಗೋ ನೇರಳೆ ಪೆನ್ ತೇವದ ಹವೆಯಲ್ಲಿ ಬೇಗ ಮಾಯ ಆಗುತ್ತೆ. 58 ಬ್ಲಾಕಿಗೆ ಬೆಳಿಗ್ಗೆ ಗುರುತು ಹಾಕಿ ಸಂಜೆ ಹೊಲಿಯೋಕೆ ಕೂತ್ರೆ ಗುರುತೇ ಇರಲ್ಲ. ನೀರಿಗೆ ಹೋಗೋ ನೀಲಿ ಪೆನ್ ಹಾಕಿ. ಅದರ ಮೇಲೆ ಇಸ್ತ್ರಿ ಮಾಡಬಾರದು, ಕಲೆ ಕಚ್ಚಿಕೊಳ್ಳುತ್ತೆ. ಎಲ್ಲಾ ಮುಗಿದ ಮೇಲೆ ಸೋಪು ಹಾಕದೆ ಬರೀ ತಣ್ಣೀರಲ್ಲಿ ಮುಳುಗಿಸಿ ತೆಗೆದು, ಆಮೇಲೆ ಒಗೆಯೋದು. ಕೆಂಪು ಅಂಚಿಗೆ ಸವೆದ ಸೋಪಿನ ಬಿಲ್ಲೆ ಸಾಕು, ಮೇಣದ ಟೈಲರ್ ಚಾಕ್ ಬೇಡ.

ಮಳೆಗಾಲದಲ್ಲಿ ಮೆಷಿನ್ನಿನ ಹೊಟ್ಟೆಯಲ್ಲಿ ಸೇರೋ ಹತ್ತಿ ಧೂಳು ತೇವ ಹೀರಿ ಫೀಡ್ ಡಾಗಿನ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತೆ. ಎರಡು ಮೂರು ಬಾಬಿನ್ನಿಗೊಮ್ಮೆ ಪ್ಲೇಟ್ ಬಿಚ್ಚಿ ಬ್ರಷ್ಷಲ್ಲಿ ತೆಗೀರಿ. ಬಾಯಲ್ಲಿ ಊದಬೇಡಿ, ಉಸಿರಿನ ತೇವ ಒಳಗೇ ಉಳಿಯುತ್ತೆ.

ಹಸೆಗೋಡೆ, ಸೊರಬ:

ಅಂಚು ಇಟ್ಟಿಗೆ ಕೆಂಪು ಅಂತ ಓದಿ ಬರೀತಿದೀನಿ. ತೋರಣಕ್ಕಿಂತ ಹಸೆ ಚಿತ್ತಾರದ ಗೆರೆ ಯಾಕೆ ಬೇಡ ಅಕ್ಕ? ನಮ್ಮ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯೋ ಚಿತ್ತಾರ ಪೂರ್ತಿ ನೇರ ಎಳೆಗಳದ್ದು. ಎಳೆ ಪಕ್ಕಕ್ಕೆ ಎಳೆ, ತ್ರಿಕೋನ, ಓರೆ ಜಾಲ. ರೂಲರ್ ಹೊಲಿಗೆಗೆ ಇದಕ್ಕಿಂತ ಒಪ್ಪೋ ಡಿಸೈನ್ ಹುಡುಕಿದ್ರೂ ಸಿಗೋದು ಕಷ್ಟ. ಫುಟ್ಟಿನ ಗಾತ್ರದಿಂದಲೇ ಕಾಲು ಇಂಚಿನ ಅಂತರ ತಾನಾಗೇ ಸಿಗುತ್ತೆ.

5 ಇಂಚಿನ ಅಂಚಿಗೆ ಹೀಗೆ ಮಾಡಬಹುದು. ಒಳ ಜೋಡಿನಿಂದ ಕಾಲು, ಅರ್ಧ ಇಂಚಿಗೆ ಎರಡು ಎಳೆ. ಆಮೇಲೆ 3 ಇಂಚು ಬುಡದ, 3 ಇಂಚು ಎತ್ತರದ ತ್ರಿಕೋನಗಳ ಸಾಲು: 54 ಇಂಚಿಗೆ 18, 78 ಇಂಚಿಗೆ 26, ಎರಡೂ ಸರಿಯಾಗಿ ಕೂರುತ್ತೆ. ತ್ರಿಕೋನ ಒಂದೊಂದಾಗಿ ಹೊಲಿಯಬೇಡಿ. ಒಂದು ಅಂಕುಡೊಂಕು ಗೆರೆ ಮೂಲೆಯಿಂದ ಮೂಲೆಗೆ, ಅಲ್ಲಿ ಕಾಲು ಇಂಚು ಸರಿದು, ಅದರ ಪಕ್ಕದಲ್ಲೇ ಇನ್ನೊಂದು ವಾಪಸ್. ಹೀಗೆ ಮೂರು ಎಳೆ ಸಾಕು. ಮೊನೆ ಬಂದಲ್ಲಿ ಸೂಜಿ ಕೆಳಗಿಳಿಸಿ ನಿಲ್ಲಿಸಿ, ಅಲ್ಲೇ ಒಂದು ಹೊಲಿಗೆ ಹೆಚ್ಚಿಗೆ ಹಾಕಿ, ಆಮೇಲೆ ರೂಲರ್ ತಿರುಗಿಸಿ. ಇಲ್ಲಾಂದ್ರೆ ಮೊನೆ ಮೊಂಡಾಗುತ್ತೆ. ಹೊರಗಡೆ ಪೈಪಿಂಗ್ ಹತ್ತಿರ ಅರ್ಧ ಇಂಚು ಖಾಲಿ ಬಿಡಿ, ಪೈಪಿಂಗ್ ಹೊಲಿಗೆಯ ಅಡಿಗೆ ಮೊನೆ ಸಿಕ್ಕಿಕೊಳ್ಳಬಾರದು.

ಮೂಲೆಯ 5 ಇಂಚಿನ ಚೌಕಕ್ಕೆ ಓರೆ ಜಾಲ: ಕರ್ಣಕ್ಕೆ ಒಂದು ಗೆರೆ, ಅದರ ಎರಡೂ ಬದಿ ಮುಕ್ಕಾಲು ಇಂಚಿಗೊಂದು. ಅಂಚಿನ ಎಳೆಗಳ ಮೇಲೆ ಸರಿದು ಗೆರೆಯಿಂದ ಗೆರೆಗೆ ಹೋಗಿ, ದಾರ ಕಡಿಯಬೇಕಾಗಲ್ಲ.

ಕೆಂಪಿನ ಮೇಲೆ ಬಿಳಿ ದಾರ ಹಾಕೋದಾದ್ರೆ ಸ್ವಲ್ಪ ದಪ್ಪದ 30 ನಂಬರ್ ಮೇಲೆ, ಬಾಬಿನ್ನಿಗೆ ಅದೇ ಬಿಳಿಯ 50 ನಂಬರ್. ಬಿಳಿ ಎದ್ದು ಕಾಣುತ್ತೆ, ತಪ್ಪೂ ಅಷ್ಟೇ ಎದ್ದು ಕಾಣುತ್ತೆ. ಸೂಜಿ 14 ಟಾಪ್‌ಸ್ಟಿಚ್ಚೇ ಇರಲಿ, ಅದರ ಕಣ್ಣು ದೊಡ್ಡದು. ಟೆನ್ಷನ್ ಮತ್ತೆ ಮಾದರಿ ತುಂಡಲ್ಲಿ ನೋಡಲೇಬೇಕು, 50ಕ್ಕೆ ಹೊಂದಿಸಿದ್ದು 30ಕ್ಕೆ ನಿಲ್ಲಲ್ಲ.

ಇದೇ ಕಾಲು ಇಂಚಿನ ಎಳೆ ಲೆಕ್ಕದಲ್ಲಿ ಅಂಚು ನಡುವಿನ ಬ್ಲಾಕಿಗಿಂತ ಒತ್ತಾಗುತ್ತೆ ಅಂತ ಕಮಾನುಗೆರೆಯವರು ಹೇಳಬಹುದು.

ಕಮಾನುಗೆರೆ, ಶಿವಮೊಗ್ಗ:

ಹೇಳ್ತೀನಿ! ಆದ್ರೆ ಅಂಚು ನಡುವಿಗಿಂತ ಸ್ವಲ್ಪ ಒತ್ತಾದ್ರೆ ಕುಗ್ಗಿ ಒಳಕ್ಕೆ ಎಳೆಯುತ್ತೆ, ಬಿಡಿಯಾದ್ರೆ ಅಲೆಯಾಗುತ್ತೆ. ಎರಡರಲ್ಲಿ ಮೊದಲನೆಯದೇ ಕಡಿಮೆ ತೊಂದರೆ. ಮೂರು ಎಳೆಗೆ ನಿಲ್ಲಿಸಿ, ಐದಾರು ಮಾಡಬೇಡಿ. ತ್ರಿಕೋನಗಳ ನಡುವಿನ ಖಾಲಿ ಜಾಗ ಹಾಗೇ ಇರಲಿ, ತುಂಬಬೇಡಿ. ಚಿತ್ತಾರದ ಸಲಹೆ ನನ್ನ ತೋರಣಕ್ಕಿಂತ ಚೆನ್ನಾಗಿದೆ.

ತುಂಗೆದಡ:

ಚಿತ್ತಾರವೇ ಸೈ. ಟೆಂಪ್ಲೇಟ್ ಎಲ್ಲಿ ಮಾಡಿಸೋದು? ಹೊರಗಿಂದ ತರಿಸಿದ್ರೆ ಬೆಲೆ ಜಾಸ್ತಿ. ದಾರ ಎಷ್ಟು ಬೇಕಾಗಬಹುದು?

ಎಣ್ಣೆಡಬ್ಬಿ, ಸಾಗರ:

ಬೋರ್ಡ್, ನೇಮ್‌ಪ್ಲೇಟ್ ಮಾಡೋ ಅಂಗಡಿಗಳಲ್ಲಿ ಲೇಸರ್ ಕಟಿಂಗ್ ಮೆಷಿನ್ ಇರುತ್ತೆ, ಶಿವಮೊಗ್ಗದಲ್ಲಿ ವಿಚಾರಿಸಿ. ಕೋರೆಲ್‌ಡ್ರಾ ಫೈಲ್ ಅಥವಾ ಡಿಎಕ್ಸ್‌ಎಫ್ ಕೊಟ್ರೆ ಕತ್ತರಿಸಿ ಕೊಡ್ತಾರೆ. 3 ಮಿ.ಮೀ. ಪಾರದರ್ಶಕ ಕಾಸ್ಟ್ ಅಕ್ರಿಲಿಕ್ ಅಂತ ಬಾಯಿಬಿಟ್ಟು ಹೇಳಿ. ಬಣ್ಣದ್ದು, ಹಾಲುಬಿಳಿ ಬೇಡ, ಅಡಿಯ ಗುರುತು ಕಾಣಲ್ಲ. ಮೂರು ತುಂಡು ಸಾಕು: 8 × 2 ಇಂಚಿನ ನೇರ ಪಟ್ಟಿ, ನಾಲ್ಕೂವರೆ ಇಂಚಿನ ತೂತಿರೋ 7 ಇಂಚಿನ ಚೌಕ, ಹೂವಿನ ಎಸಳಿಗೆ ಒಂದು ಸಣ್ಣ ಕಮಾನು. ಪಟ್ಟಿಯ ಮೇಲೆ ಅಂಚಿನಿಂದ ಕಾಲು, ಅರ್ಧ, ಮುಕ್ಕಾಲು ಇಂಚಿಗೆ ಗೀರು ಗೆರೆ ಹಾಕಿಸಿ. ಚೌಕದ ಮೇಲೆ ಅಡ್ಡ, ಉದ್ದ, ಓರೆ ನಡುಗೆರೆ. ಗೀರು ಅಡಿ ಬದಿಯಲ್ಲಿರಲಿ, ಮೇಲಿದ್ರೆ ಓರೆಯಿಂದ ನೋಡಿದಾಗ ಗುರುತಿಗೂ ಗೆರೆಗೂ ಮೂರು ಮಿ.ಮೀ. ದಪ್ಪದಷ್ಟು ಮೋಸ ಆಗುತ್ತೆ. ಚೌಕಕ್ಕೆ ತೂತಿನಿಂದ ಹೊರ ಅಂಚಿನ ತನಕ ಅರ್ಧ ಇಂಚಿಗಿಂತ ಸ್ವಲ್ಪ ಅಗಲದ ಸೀಳು ಬಿಡಿಸಿ, ಫುಟ್ ಬಿಚ್ಚದೆ ಒಳಗೆ ಹೊರಗೆ ಹೋಗಬಹುದು, ನಿಮ್ಮ ತೊಟ್ಟೂ ಅದರಲ್ಲೇ ಹೊಲಿಯಬಹುದು. ಅಂಚು ಒರಟಿದ್ರೆ 400 ನಂಬರ್ ವಾಟರ್ ಪೇಪರಲ್ಲಿ ಒದ್ದೆ ಮಾಡಿ ತಿಕ್ಕಿ.

ದಾರದ ಲೆಕ್ಕ: ಹೊಲಿಗೆಯ ಉದ್ದ ಅಂದ್ರೆ ವಿಸ್ತೀರ್ಣ ಭಾಗಿಸು ಗೆರೆಗಳ ಅಂತರ. ನಿಮ್ಮದು 64 × 88 = 5632 ಚದರ ಇಂಚು. ಸರಾಸರಿ ಮುಕ್ಕಾಲು ಇಂಚು ಅಂತರ ಹಿಡಿದ್ರೆ 7500 ಇಂಚು, ಅಂದ್ರೆ ಸುಮಾರು 190 ಮೀಟರ್. ಮೇಲೆ ಕೆಳಗೆ ಹೋಗೋದು, ಶುರು ಕೊನೆ, ಬಿಚ್ಚಿ ಮತ್ತೆ ಹೊಲಿಯೋದು ಎಲ್ಲಾ ಸೇರಿ ಒಂದೂವರೆ ಪಟ್ಟು ಹಿಡೀರಿ: ಮೇಲಕ್ಕೆ 290, ಬಾಬಿನ್ನಿಗೆ ಅಷ್ಟೇ. ಕೆನೆ ಬಣ್ಣದ 1000 ಮೀಟರಿನ ಒಂದು ಕೋನ್ ಎರಡಕ್ಕೂ ಸಾಕು, ಮಾದರಿ ತುಂಡಿಗೂ ಉಳಿಯುತ್ತೆ. ಬಿಳಿ 30 ನಂಬರ್ ಅಂಚಿಗೆ ಮಾತ್ರ, 200 ಮೀಟರಿನ ರೀಲು ಒಂದು ತಗೊಂಡು ಇನ್ನೊಂದು ಅದೇ ಲಾಟಿನದ್ದು ಕಾದಿರಿಸಿ. ಬಾಬಿನ್ ಆರೇಳು ಮೊದಲೇ ಸುತ್ತಿಟ್ಟುಕೊಳ್ಳಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಮೆಷಿನ್ ಆದ್ರೆ ಹೊಲಿಗೆ ಉದ್ದ, ಸೂಜಿ ಜಾಗ ಎಲ್ಲಾ ಮೊದಲಿನ ಸೆಟ್ಟಿಂಗಿಗೆ ಹೋಗಿರುತ್ತೆ, ರೂಲರ್ ಫುಟ್ಟಲ್ಲಿ ಸೂಜಿ ಮಧ್ಯದಲ್ಲೇ ಇದೆಯಾ ನೋಡಿ ಆಮೇಲೆ ಪೆಡಲ್ ಒತ್ತಿ.